ಬೇಯ್ಸ್ ಫ್ಯಾಕ್ಟರ್: ಸಮಾಜವಿಜ್ಞಾನಗಳಲ್ಲಿ ಅದರ ಚರಿತ್ರೆ

ಕೈಗೆ ಬಂದ ದತ್ತಾಂಶವು ಒಂದು ಪ್ರಾಕ್ಕಲ್ಪನೆಯ ಪ್ರಕಾರ ಇನ್ನೊಂದಕ್ಕಿಂತ ಎಷ್ಟು ಪಟ್ಟು ಹೆಚ್ಚು ಸಂಭವನೀಯ ಎಂಬುದನ್ನು ತಿಳಿಸುವ ಅನುಪಾತವೇ ಬೇಯ್ಸ್ ಫ್ಯಾಕ್ಟರ್. ವ್ಯತ್ಯಾಸವೇ ಇಲ್ಲವೆನ್ನುವ ಶೂನ್ಯ ಪ್ರಾಕ್ಕಲ್ಪನೆಯನ್ನು ಪಿ-ಮೌಲ್ಯದಿಂದ ತಳ್ಳಿಹಾಕಬಹುದೇ ಹೊರತು ಎತ್ತಿಹಿಡಿಯಲಾಗದು. ಈ ಅನುಪಾತವಾದರೋ ಅದರ ಪರವಾದ ಸಾಕ್ಷ್ಯವನ್ನೂ ಅಳೆಯುತ್ತದೆ.

ಇದರ ಮೂಲವನ್ನು ಹೆರಾಲ್ಡ್ ಜೆಫ್ರೀಸರ 1935ರ ಪ್ರಬಂಧದಲ್ಲಿ ಗುರುತಿಸುವುದು ವಾಡಿಕೆ. ಆದರೆ ತಳಿವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1932ರಲ್ಲೇ, ಒಂದು ನಿರ್ದಿಷ್ಟ ಬೆಲೆಗೆ ಸಂಭವನೀಯತೆಯ ಒಂದು ಪಾಲನ್ನು ಮೀಸಲಿಟ್ಟು ಉಳಿದುದನ್ನು ಬೇರೆ ಬೆಲೆಗಳಿಗೆ ಹಂಚುವ ಲೆಕ್ಕವನ್ನು ಪ್ರಕಟಿಸಿದ್ದರೆಂಬುದನ್ನು ಅಲೆಕ್ಸಾಂಡರ್ ಎಟ್ಜ್ ಮತ್ತು ಎರಿಕ್-ಯಾನ್ ವಾಗೆನ್‌ಮೇಕರ್ಸ್ 2017ರಲ್ಲಿ ವಿವರವಾಗಿ ದಾಖಲಿಸಿದರು. ಇದರಿಂದ ಜೆಫ್ರೀಸರ ಸ್ಥಾನ ಕುಗ್ಗುವುದಿಲ್ಲ: ಡೊರೊತಿ ರಿಂಚ್ ಜೊತೆಗೂಡಿ 1921ರಲ್ಲೇ ತಾತ್ತ್ವಿಕ ತಳಹದಿ ಹಾಕಿದವರೂ, ಮುಂದೆ ಅದನ್ನು ಸಾಮಾನ್ಯ ಪರೀಕ್ಷಾವಿಧಾನವಾಗಿ ಬೆಳೆಸಿದವರೂ ಅವರೇ.

ಎಡ್ವರ್ಡ್ಸ್, ಲಿಂಡ್‌ಮನ್ ಮತ್ತು ಸ್ಯಾವೇಜ್ 1963ರಲ್ಲಿ ಈ ವಿಚಾರವನ್ನು ಮನೋವಿಜ್ಞಾನಿಗಳ ಮುಂದಿಟ್ಟರು; ಬಳಕೆ ಮಾತ್ರ ಬಹುಕಾಲ ಹಿಂದೆಯೇ ಉಳಿಯಿತು.

ಚರಿತ್ರೆಗಳು ಬೇಗನೆ ದಾಟಿಹೋಗುವ ತಿರುವು ಸಮಾಜಶಾಸ್ತ್ರದ್ದು. ಗ್ರಸ್ಕಿ ಮತ್ತು ಹೌಸರ್ 1984ರಲ್ಲಿ 16 ದೇಶಗಳ 1,13,556 ಪುರುಷರ ಕಸುಬನ್ನು ಅವರ ತಂದೆಯರ ಕಸುಬಿನೊಡನೆ ಹೋಲಿಸಿದ್ದರು. ಒಂದು ಸರಳ ವಿವರಣೆ ಕೋಷ್ಟಕಗಳೊಳಗಿನ ಏರಿಳಿತದ ಶೇ. 99.7ರಷ್ಟನ್ನು ಹಿಡಿದಿಟ್ಟರೂ, ದತ್ತಾಂಶದಿಂದ ಅದು ಎಷ್ಟು ದೂರವಿದೆ ಎಂಬುದರ ಅಳತೆ 150 ಬಂದಿತ್ತು; 16 ಸ್ವಾತಂತ್ರ್ಯ ಮಟ್ಟಗಳಿಗೆ ಶೇ. 5ರ ಗಡಿ ಸುಮಾರು 26.3 ಆದ್ದರಿಂದ, ರೂಢಿಯ ಪರೀಕ್ಷೆಯಲ್ಲಿ ಅದು ಬಿದ್ದುಹೋಗಬೇಕಿತ್ತು. ಆಡ್ರಿಯನ್ ರಾಫ್ಟರಿ 1986ರಲ್ಲಿ, ಬೇಯ್ಸ್ ಫ್ಯಾಕ್ಟರನ್ನು ಅಂದಾಜಿಸುವ ಬಿಐಸಿ ಎಂಬ ಸೂತ್ರವನ್ನು (ಗಿಡಿಯನ್ ಶ್ವಾರ್ಜ್, 1978) ಇಲ್ಲಿಗೆ ತಂದರು. 1,13,556ರ ಸಹಜ ಲಾಗರಿದಮ್ 11.64; ಅದನ್ನು 16ರಿಂದ ಗುಣಿಸಿ 150ರಿಂದ ಕಳೆದರೆ ಉಳಿಯುವುದು ಸುಮಾರು -36. ಋಣಚಿಹ್ನೆ ಸರಳ ವಿವರಣೆಯ ಪರ. ಲಕ್ಷ ಜನರ ದತ್ತಾಂಶದಲ್ಲಿ ಕ್ಷುಲ್ಲಕ ವ್ಯತ್ಯಾಸವೂ ಪಿ-ಮೌಲ್ಯಕ್ಕೆ ಮಹತ್ತ್ವದ್ದಾಗಿ ಕಾಣುತ್ತದೆಂಬ ತೊಡಕಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ವಿವಾದವೂ ಇಲ್ಲಿಂದಲೇ ಮೊಳೆಯಿತು. ಗೆಲ್ಮನ್ ಮತ್ತು ರೂಬಿನ್ 1995ರಲ್ಲಿ ರಾಫ್ಟರಿಯವರ ವಿಧಾನವನ್ನು ಆಕ್ಷೇಪಿಸಿದರು. ಬಿಐಸಿಯೊಳಗೆ ಅಡಗಿರುವ ಪೂರ್ವಗ್ರಹಿಕೆ, ಅಂದರೆ ದತ್ತಾಂಶ ನೋಡುವ ಮೊದಲೇ ಪರಿಣಾಮದ ಗಾತ್ರದ ಬಗ್ಗೆ ಇಟ್ಟುಕೊಂಡ ಅಂದಾಜು, ತೀರ ಅಗಲವಾಗಿದ್ದು ಶೂನ್ಯ ಪ್ರಾಕ್ಕಲ್ಪನೆಯತ್ತ ವಾಲುತ್ತದೆಂದು ಡೇವಿಡ್ ವೀಕ್ಲಿಯಮ್ 1999ರಲ್ಲಿ ವಾದಿಸಿದರು. ಮುನ್ನರಿವಿನ ಶಕ್ತಿಯಿದೆಯೆಂದ ಡ್ಯಾರಿಲ್ ಬೆಮ್ಮರ 2011ರ ಪ್ರಯೋಗಗಳನ್ನು ವಾಗೆನ್‌ಮೇಕರ್ಸ್ ತಂಡ ಬೇಯ್ಸ್ ಫ್ಯಾಕ್ಟರಿನಿಂದ ಮರುಪರಿಶೀಲಿಸಿ ಸಾಕ್ಷ್ಯ ದುರ್ಬಲವೆಂದಾಗಲೂ ಅದೇ ಆಕ್ಷೇಪ ಮರಳಿತು: ಪೂರ್ವಗ್ರಹಿಕೆಯನ್ನು ಕಿರಿದಾಗಿಸಿ ಲೆಕ್ಕಹಾಕಿದ ಬೆಮ್, ಅಟ್ಸ್ ಮತ್ತು ಜಾನ್ಸನ್ ಅದೇ ದತ್ತಾಂಶದಲ್ಲಿ ಬಲವಾದ ಸಾಕ್ಷ್ಯ ಕಂಡರು.