ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿ (23 ಏಪ್ರಿಲ್ 1858 – 5 ಏಪ್ರಿಲ್ 1922) ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ ಹಾಗೂ ಕ್ರೈಸ್ತ ಲೇಖಕಿ.

ಬಾಲ್ಯ

ಇವರು ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿದ್ದ ಆಶ್ರಮವೊಂದರಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಪ್ರದಾಯಸ್ಥರ ವಿರೋಧವನ್ನು ಲೆಕ್ಕಿಸದೆ ಪತ್ನಿಗೆ ಸಂಸ್ಕೃತ ಕಲಿಸಿದ್ದರು. ಆ ತಾಯಿ ಲಕ್ಷ್ಮೀಬಾಯಿಯೇ ರಮಾಬಾಯಿಯವರಿಗೆ ಗುರುವಾದರು. ಪುರಾಣ ಪಠಿಸುತ್ತ ತೀರ್ಥಕ್ಷೇತ್ರಗಳಲ್ಲಿ ಅಲೆಯುತ್ತಿದ್ದ ಈ ಕುಟುಂಬದಲ್ಲಿ ತಂದೆತಾಯಿಯರಿಬ್ಬರೂ 1870ರ ದಶಕದ ಕ್ಷಾಮಕ್ಕೆ ಬಲಿಯಾದರು.

ಧಾರ್ಮಿಕ ಜೀವನ

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಇವರಿಗೆ ‘ಪಂಡಿತಾ’, ‘ಸರಸ್ವತಿ’ ಬಿರುದುಗಳನ್ನಿತ್ತರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಮಗಳು ಮನೋರಮೆಯೊಂದಿಗೆ ದೀಕ್ಷಾಸ್ನಾನ ಪಡೆದರು. ಆದರೂ ಆಂಗ್ಲಿಕನ್ ಧರ್ಮಗುರುಗಳ ಅಧಿಕಾರವನ್ನು ಪ್ರಶ್ನಾತೀತವೆಂದು ಒಪ್ಪಲಿಲ್ಲ. ದೀಕ್ಷೆಯ ಹಲವು ವರ್ಷಗಳ ಬಳಿಕವೇ ತಮಗೆ ಅಂತರಂಗದ ನೆಮ್ಮದಿ ದೊರೆಯಿತೆಂದು 1907ರ ತಮ್ಮ ಆತ್ಮಸಾಕ್ಷ್ಯದಲ್ಲಿ ವಿವರಿಸಿದ್ದಾರೆ.

ಪುಣೆಯ ಸಮೀಪದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಸ್ಥಾಪಿಸಿ ವಿಧವೆಯರಿಗೂ ಕ್ಷಾಮಪೀಡಿತ ಬಾಲಕಿಯರಿಗೂ ಆಶ್ರಯವಿತ್ತರು. ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲ್ಲನ್ನು ಮರಾಠಿಗೆ ಅನುವಾದಿಸಿದರು.