ಸುರಪುರದಿಂದ ನಳದುರ್ಗಕ್ಕೆ: ಮೆಡೋಸ್ ಟೇಲರನ ಜಲಕಾರ್ಯ

ಇಂಗ್ಲೆಂಡಿನ ಮೊದಲ ತಲೆಮಾರಿನ ಕಾಲುವೆ ನಿರ್ಮಾಪಕರು ವಿದ್ಯಾಪೀಠಗಳಲ್ಲಿ ಪಳಗಿದವರಲ್ಲ. 1761ರಲ್ಲಿ ತೆರೆದ ಬ್ರಿಡ್ಜ್‌ವಾಟರ್ ಕಾಲುವೆಯ ಜೇಮ್ಸ್ ಬ್ರಿಂಡ್ಲಿ ಮೂಲತಃ ಗಿರಣಿಯಂತ್ರಗಳ ಕುಶಲಕರ್ಮಿ. ಅಂತಹ ಸ್ವಯಂಶಿಕ್ಷಣದ ಪರಂಪರೆಯನ್ನು ಹೈದರಾಬಾದ್ ಸೀಮೆಯಲ್ಲಿ ಪ್ರತಿನಿಧಿಸುವವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಈತ 1824ರಲ್ಲಿ ವರ್ತಕನೊಬ್ಬನ ಬಳಿ ಗುಮಾಸ್ತಿಕೆಗೆಂದು ಮುಂಬಯಿಗೆ ಬಂದು, ಬಳಿಕ ನಿಜಾಮನ ಸೇನೆಯನ್ನು ಸೇರಿದನು. ಭೂಮಾಪನವನ್ನೂ ಕಟ್ಟಡವಿದ್ಯೆಯನ್ನೂ ಸ್ವಂತ ಪರಿಶ್ರಮದಿಂದಲೇ ಕಲಿತನು.

1841ರಿಂದ 1853ರವರೆಗೆ ಟೇಲರ್ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ದೊರೆ ವೆಂಕಟಪ್ಪ ನಾಯಕ ಆಗಿನ್ನೂ ಬಾಲಕ. ಮಳೆಯನ್ನೇ ನೆಚ್ಚಿದ ಆ ಸೀಮೆಯಲ್ಲಿ ಕೆರೆಗಳಿಗೆ ಒಡ್ಡು ಕಟ್ಟಿಸುವುದು ಆತನ ಆಡಳಿತದ ಮುಖ್ಯ ಅಂಗವಾಯಿತು. ಬೋನಾಳ ಕೆರೆಯೊಡನೆ ಆತನ ಹೆಸರು ಇಂದಿಗೂ ಬೆಸೆದುಕೊಂಡಿದೆ. ಆರ್ಥರ್ ಕಾಟನ್ ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿದ್ದೂ (1847–52) ಇದೇ ಅವಧಿಯಲ್ಲಿ. ಮುಖಜಭೂಮಿಯ ಸಮತಟ್ಟು ಕಾಟನ್‌ನಿಗೆ ಕಾಲುವೆಗಳನ್ನು ಒದಗಿಸಿತು. ಏರುತಗ್ಗಿನ ದಖನ್ ನೆಲ ಟೇಲರನಿಗೆ ಕೆರೆಯ ದಾರಿಯನ್ನು ತೋರಿತು.

ಹೈದರಾಬಾದ್ ಕಂಟಿಂಜೆಂಟ್ ಸೇನೆಯ ವೆಚ್ಚದ ಬಾಕಿಗಾಗಿ ನಿಜಾಮನು 1853ರಲ್ಲಿ ವರ್‍ಹಾಡ, ರಾಯಚೂರು ದೋಆಬ್ ಹಾಗೂ ಧಾರಾಶಿವ ಪ್ರಾಂತಗಳನ್ನು ಕಂಪನಿಗೆ ಒಪ್ಪಿಸಿದನು. ಉಮರ್ಗಾದ ಪಶ್ಚಿಮಕ್ಕಿರುವ ನಳದುರ್ಗ ಟೇಲರನ ಪಾಲಿಗೆ ಬಂದಿತು; ಪೂರ್ವದ ನಿಲಂಗಾ, ಉದಗೀರುಗಳು ನಿಜಾಮನಲ್ಲೇ ಉಳಿದವು. ನಳದುರ್ಗದಲ್ಲಿ ಬೋರಿ ನದಿಗೆ ಅಡ್ಡಲಾಗಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದ ಕಲ್ಲಿನ ಕಟ್ಟೆ ಆಗಲೇ ನಿಂತಿತ್ತು. ಅದರ ಒಡಲಲ್ಲೇ ಪಾನಿ ಮಹಲ್ ಇದೆ. ಈ ನೆಲಕ್ಕೆ ಜಲಶಿಲ್ಪವನ್ನು ಆಂಗ್ಲರು ಪರಿಚಯಿಸಬೇಕಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಟೇಲರ್ ಇಲ್ಲಿ ರಸ್ತೆ ಮತ್ತು ಭೂಮೋಜಣಿಯ ಕೆಲಸಗಳನ್ನು ಕೈಗೊಂಡನು. ಆದರೆ 1857ರ ದಂಗೆಯ ವರ್ಷ ಆತನನ್ನು ವರ್‍ಹಾಡಕ್ಕೆ ಕಳುಹಿಸಲಾಯಿತು. 1860ರಲ್ಲಿ ಆತ ಭಾರತವನ್ನು ತೊರೆದನು. ಅದೇ ವರ್ಷ ಧಾರಾಶಿವ, ರಾಯಚೂರುಗಳು ನಿಜಾಮನಿಗೆ ಮರಳಿದವು.

ಸುರಪುರದ ಹನ್ನೆರಡು ವರ್ಷಗಳಿಗೂ ನಳದುರ್ಗದ ನಾಲ್ಕು ವರ್ಷಗಳಿಗೂ ಇರುವ ಅಂತರ ವ್ಯಕ್ತಿಯ ಸಾಮರ್ಥ್ಯದ್ದಲ್ಲ, ಆಡಳಿತದ ನಿರಂತರತೆಯದ್ದು. ಕೆರೆಯ ಒಡ್ಡಿಗೆ ದಶಕಗಳ ಆರೈಕೆ ಬೇಕು. ಸಾಲದ ಲೆಕ್ಕಕ್ಕೆ ಎಳೆದ ಗಡಿಗೆ ಏಳೇ ವರ್ಷಗಳ ಆಯುಸ್ಸು ಸಾಕಾಯಿತು. ಟೇಲರನ ಆರೈಕೆಯಲ್ಲಿ ಬೆಳೆದ ವೆಂಕಟಪ್ಪ ನಾಯಕ 1858ರಲ್ಲಿ ಬಂಡೆದ್ದು ಸೆರೆಯಾಗಿ ಮಡಿದನು, ಸಂಸ್ಥಾನವೂ ಅಳಿಯಿತು. ಬೋನಾಳದ ನೀರು ಉಳಿಯಿತು.

1956ರಲ್ಲಿ ಗಡಿ ಮತ್ತೊಮ್ಮೆ ಸರಿದು, ಬೀದರ ಜಿಲ್ಲೆಯ ನಿಲಂಗಾ, ಉದಗೀರುಗಳು ಕನ್ನಡದ ಆಡಳಿತದಿಂದ ಹೊರಗುಳಿದವು. ತೇರಣಾ ಮಾತ್ರ ಹಿಂದಿನಂತೆಯೇ ಮಾಂಜ್ರಾ ನದಿಯನ್ನು ಸೇರಿ ಬೀದರದತ್ತ ಹರಿಯುತ್ತಿದೆ. ಗಡಿನಾಡಿನ ಚರಿತ್ರೆಯನ್ನು ಒಪ್ಪಂದದ ದಾಖಲೆಗಳಿಂದ ಮಾತ್ರವಲ್ಲದೆ ಜಲಾನಯನಗಳಿಂದಲೂ ಬರೆಯಬೇಕೆಂಬುದಕ್ಕೆ ಟೇಲರನ ವೃತ್ತಿಜೀವನ ಒಂದು ಆಧಾರ.