ಇಪ್ಪತ್ತು ರೂಪಾಯಿಯ ಲೆಕ್ಕ



ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ಪ್ರತಿ ವರ್ಷವೂ ಒಂದು ವಾಕ್ಯವನ್ನು ಬರೆಸುತ್ತಿದ್ದೆ: ದಾದಾಭಾಯಿ ನವರೋಜಿಯವರ ಅಂದಾಜಿನಂತೆ ಭಾರತೀಯನ ವಾರ್ಷಿಕ ತಲಾ ಆದಾಯ 20 ರೂಪಾಯಿ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ಅಷ್ಟು ಜನರ ಆದಾಯವನ್ನು ಅವರೊಬ್ಬರೇ ಹೇಗೆ ಎಣಿಸಿದರು?" ಎಂದು ಕೇಳಿದ. "ಅದು ಪರೀಕ್ಷೆಗೆ ಬರುವುದಿಲ್ಲ, ಬರೆದುಕೋ" ಎಂದುಬಿಟ್ಟೆ. ನಿಜ ಹೇಳಬೇಕೆಂದರೆ ನನಗೇ ಗೊತ್ತಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಓದಿ ತಿಳಿದುದನ್ನು ಆ ಹುಡುಗನಿಗೆ ಸಲ್ಲಬೇಕಾದ ಉತ್ತರವೆಂದೇ ಬರೆಯುತ್ತಿದ್ದೇನೆ.

ನವರೋಜಿಯವರು ಮನೆಮನೆಗೆ ಹೋಗಿ ಎಣಿಸಲಿಲ್ಲ. ಸರ್ಕಾರದ ವರದಿಗಳನ್ನೇ ಎದುರಿಗಿಟ್ಟುಕೊಂಡರು. ಪ್ರಾಂತ್ಯವಾರು ಯಾವ ಬೆಳೆ ಎಷ್ಟು ಎಕರೆ, ಇಳುವರಿ ಎಷ್ಟು, ಧಾರಣೆ ಎಷ್ಟು ಎಂದು ಗುಣಿಸಿ ಕೂಡಿಸಿದರು. ಉಪ್ಪು, ಅಫೀಮು, ಕಲ್ಲಿದ್ದಲು ಮುಂತಾದವನ್ನೂ ಸೇರಿಸಿ ಜನಸಂಖ್ಯೆಯಿಂದ ಭಾಗಿಸಿದಾಗ 1867-70ರ ಅವಧಿಗೆ ದೊರೆತದ್ದೇ ಆ 20 ರೂಪಾಯಿ. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಸೆರೆಮನೆಯ ಕೈದಿಗೆ ಸರ್ಕಾರ ಕೊಡುತ್ತಿದ್ದ ಅನ್ನ ಬಟ್ಟೆಯ ಖರ್ಚನ್ನು ಪಕ್ಕದಲ್ಲಿಟ್ಟು, ಒಳ್ಳೆಯ ಮಳೆ ಬೆಳೆಯ ವರ್ಷದಲ್ಲಿಯೂ ದೇಶದ ಉತ್ಪನ್ನ ಎಲ್ಲರಿಗೂ ಅಷ್ಟನ್ನು ಒದಗಿಸಲಾರದೆಂದು ತೋರಿಸಿದರು.

ಈ ಪ್ರಬಂಧವನ್ನು ಅವರು ಮುಂಬಯಿಯಲ್ಲಿ ಓದಿದ್ದು 1876ರಲ್ಲಿ. ನಮ್ಮ ಹಿರಿಯರು ಧಾತು-ಈಶ್ವರದ ಬರ ಎನ್ನುತ್ತಿದ್ದ ಮಹಾಕ್ಷಾಮ ತಲೆದೋರಿದ್ದೂ ಅದೇ ವರ್ಷ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. 20 ರೂಪಾಯಿ ಎಂದರೇನೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಅಂಕಿಗೆ ಸರ್ಕಾರವೂ ಅಂಕಿಯಿಂದಲೇ ಉತ್ತರ ಕೊಡಬೇಕಾಯಿತು. 1882ರಲ್ಲಿ ಬೇರಿಂಗ್ ಮತ್ತು ಬಾರ್ಬರ್ 27 ರೂಪಾಯಿ ಎಂದರು. 1901ರಲ್ಲಿ ಲಾರ್ಡ್ ಕರ್ಜನ್ 30 ಎಂದು, ಇದು ಪ್ರಗತಿಯ ಗುರುತೆಂದರು. ಆದರೆ ಧಾನ್ಯದ ಬೆಲೆಯೂ ಏರಿದ್ದರೆ ಆ ಮೂರು ರೂಪಾಯಿಯಿಂದ ತುತ್ತು ಹೆಚ್ಚಿತೆನ್ನಲಾಗದು. ಬೆಲೆಯೇರಿಕೆಯನ್ನು ಕಳೆದು ಉಳಿದದ್ದೇ ನಿಜವಾದ ಬೆಳವಣಿಗೆ.

ನವರೋಜಿಯವರ ಲೆಕ್ಕಕ್ಕೂ ಮಿತಿಯಿತ್ತು. ಕಣ್ಣಿಗೆ ಕಾಣುವ ವಸ್ತುಗಳನ್ನಷ್ಟೇ ಅವರು ಎಣಿಸಿದ್ದರು. ನನ್ನಂಥ ಮೇಷ್ಟರ ದುಡಿಮೆಗೆ ಅಲ್ಲಿ ಜಾಗವಿರಲಿಲ್ಲ. ಉತ್ಪನ್ನ ಮತ್ತು ಸೇವೆ ಎರಡನ್ನೂ ಶಾಸ್ತ್ರೀಯವಾಗಿ ಅಳೆದವರು ಡಾ. ವಿ.ಕೆ.ಆರ್.ವಿ. ರಾವ್. ಬ್ರಿಟಿಷ್ ಇಂಡಿಯಾದ 1931-32ರ ತಲಾ ಆದಾಯ 62 ರೂಪಾಯಿ ಎಂಬುದು ಅವರ ಅಂದಾಜು. ಸ್ವಾತಂತ್ರ್ಯಾನಂತರ 1949ರಲ್ಲಿ ಮಹಾಲನೋಬಿಸ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಆದಾಯ ಸಮಿತಿ ರಚಿತವಾದಾಗ ರಾವ್ ಅದರ ಸದಸ್ಯರಾದರು. ಇದೇ ರಾವ್ ಮುಂದೆ ಬಳ್ಳಾರಿಯ ಲೋಕಸಭಾ ಸದಸ್ಯರಾಗಿ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು.

ಇಷ್ಟಾದರೂ ಲೆಕ್ಕ ಪೂರ್ಣವಲ್ಲ. ಸರಾಸರಿಯಲ್ಲಿ ಜಮೀನ್ದಾರನೂ ಕೂಲಿಯವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ತಾಯಂದಿರು ಮನೆಯಲ್ಲಿ ನಸುಕಿನಿಂದ ರಾತ್ರಿಯವರೆಗೆ ಮಾಡುವ ಅಡುಗೆ, ಆರೈಕೆ ಇಂದಿಗೂ ರಾಷ್ಟ್ರೀಯ ಆದಾಯದಲ್ಲಿ ಸೇರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆದಾಯವನ್ನು ಅಳೆದ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ, ಈ ಅಂಕಿಯಿಂದ ಜನರ ಕ್ಷೇಮವನ್ನು ಊಹಿಸಬಾರದೆಂದು ಎಚ್ಚರಿಸಿದ್ದರು.

ಈಗ ನನಗನ್ನಿಸುತ್ತದೆ, ಆ ಹುಡುಗನ ಪ್ರಶ್ನೆ ನನ್ನ ಪಾಠಕ್ಕಿಂತ ದೊಡ್ಡದಾಗಿತ್ತು. ಯಾವುದೇ ಅಂಕಿಯನ್ನು ಕಂಡಾಗ ಯಾರು ಎಣಿಸಿದರು, ಹೇಗೆ ಎಣಿಸಿದರು, ಏನನ್ನು ಬಿಟ್ಟರು ಎಂದು ಕೇಳುವುದೇ ವಿದ್ಯೆ. ನವರೋಜಿಯವರು ಮಾಡಿದ್ದೂ ಅದನ್ನೇ. ಅವನು ಈ ಬರಹವನ್ನು ಓದುತ್ತಿದ್ದರೆ, ತಡವಾದ ಉತ್ತರಕ್ಕಾಗಿ ಈ ಮೇಷ್ಟರನ್ನು ಕ್ಷಮಿಸಲಿ.